ಕೀಬೋರ್ಡಿಗೆ ಶಿಸ್ತು ಕಲಿಸಿದ್ದು

ನಾನು ಕನ್ನಡ ಮೇಷ್ಟ್ರು. ಸಂಡೂರು ತಾಲ್ಲೂಕಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಹೀಗಾಗಿ ಗಣಿ ಕಂಪನಿಯೊಂದು ನಮ್ಮ ಶಾಲೆಗೆ ಕಂಪ್ಯೂಟರ್ ಕೊಟ್ಟಾಗ ಅದರ ಉಸ್ತುವಾರಿ ನನ್ನ ಹೆಗಲಿಗೇ ಬಿತ್ತು. ಮಕ್ಕಳು ದಿನಾ ಅದರ ಮುಂದೆ ಕೂತು ಕಲಿಯುತ್ತಿದ್ದರು. ನಾನು ಕೋಣೆಯ ಬೀಗ ತೆಗೆದು, ಗಂಭೀರವಾಗಿ ನಿಂತು, ಮತ್ತೆ ಬೀಗ ಹಾಕುತ್ತಿದ್ದೆ.

ಶಾಲೆಯ ಮುಂದೆಯೇ ಅದಿರಿನ ಲಾರಿಗಳ ಓಡಾಟ. ಕೆಂಪು ಧೂಳು ಕೂತು ಕೂತು ಕೀಬೋರ್ಡಿನ ಬಣ್ಣವೇ ಮರೆತುಹೋಯಿತು. ಆಗಲೇ ಸುದ್ದಿ ಬಂತು: ಕಂಪನಿಯ ಸಾಹೇಬರು ಬರುತ್ತಾರೆ, ಯಂತ್ರ ಸರಿಯಾಗಿ ಬಳಕೆಯಾಗುತ್ತಿದ್ದರೆ ಇನ್ನೂ ನಾಲ್ಕು ಕೊಡುತ್ತಾರೆ, ಇಲ್ಲವಾದರೆ ಇದನ್ನೂ ಒಯ್ಯುತ್ತಾರೆ.

ಕೀಬೋರ್ಡನ್ನು ಮನೆಗೆ ತಂದೆ. ಅಕ್ಷರದ ಗುಂಡಿಗಳನ್ನೆಲ್ಲ ಚಮಚದಿಂದ ಎಬ್ಬಿಸಿ, ಸೀಗೆಪುಡಿ ಹಾಕಿ ತೊಳೆದು, ಮೊರದಲ್ಲಿ ಒಣಗಿಸಿದೆ.

"ಯಾವ್ದು ಎಲ್ಲಿತ್ತು ಅಂತ ನೆನಪೈತೇನ್ರಿ?" ಎಂದಳು ನನ್ನ ಹೆಂಡತಿ ಗೌರಮ್ಮ.

"ನನಗ ಎಬಿಸಿಡಿ ಬರಂಗಿಲ್ಲ ಅಂತ ತಿಳ್ಕೊಂಡಿಯೇನು?"

ಕಂಪನಿಯವರು ಕೊಟ್ಟಾಗ ಮೊದಲು ಕ್ಯೂ, ಆಮೇಲೆ ಡಬ್ಲ್ಯೂ ಇತ್ತು! ಆ ಕೀಬೋರ್ಡು ಮಾಡಿದವನಿಗೆ ಯಾವ ಮೇಷ್ಟ್ರೂ ಸಿಕ್ಕಿರಲಿಲ್ಲ. ಎ ಇಂದ ಝಡ್‌ವರೆಗೆ ಸಾಲಾಗಿ ಕೂರಿಸಿದೆ. ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಂಡವು. ಕಣ್ಣು ತುಂಬಿ ಬಂತು.

ಸಾಹೇಬರು ಬಂದವರೇ, "ಮೇಷ್ಟ್ರೇ, ನೀವೇ ಏನಾರ ಹೊಡೀರಿ" ಎಂದರು.

ದೇವರ ಹೆಸರಿನಿಂದಲೇ ಆರಂಭವಾಗಲೆಂದು ಶಿವ ಎಂದು ಒತ್ತಿದೆ: ಎಸ್, ಎಚ್, ಐ, ವಿ, ಎ. ಪರದೆಯ ಮೇಲೆ ಮೂಡಿದ್ದು ಎಲ್, ಐ, ಓ, ಸಿ, ಕ್ಯೂ.

"ಇದ್ಯಾವ ದೇವ್ರು ರೀ?" ಎಂದ ಸಾಹೇಬರು ಡ್ರೈವರ್ ಕಡೆ ತಿರುಗಿದರು. "ಮಷೀನ್ ಕೆಡ್ಸಿ ಇಟ್ಟಾರ. ಜಲ್ದಿ ಗಾಡಿಗೆ ಹಾಕು."

ಹೆಡ್‌ಮಾಸ್ಟರು ನನ್ನನ್ನೇ ನೋಡಿದರು. ಮಕ್ಕಳ ಬಾಯಿಗೆ ನಾನೇ ಮಣ್ಣು ಹಾಕಿದ್ದೆ.

"ಸರ್, ನಾ ಹೊಡೀಲೇನ್ರಿ?" ಎಂದಳು ಹತ್ತನೇ ತರಗತಿಯ ಶಬಾನಾ. ಕಾಗೆ ಕಾಲು, ಗುಬ್ಬಿ ಕಾಲು ಎಂದು ಅವಳ ಬರಹವನ್ನು ನಾನು ನಿತ್ಯ ಬೈಯುತ್ತಿದ್ದೆ. ಅವಳು ಗುಂಡಿಗಳ ಕಡೆ ನೋಡಲೇ ಇಲ್ಲ. ಪರದೆ ನೋಡುತ್ತ ಪಟಪಟನೆ ಬಾರಿಸಿದಳು. ಶಾಲೆಯ ಹೆಸರು, ಊರು, ಸಾಹೇಬರಿಗೆ ಸ್ವಾಗತ. ಒಂದೂ ತಪ್ಪಿಲ್ಲ!

"ಅಲ್ಲವ್ವಾ, ಅಕ್ಷರ ಎಲ್ಲಾ ಅದಲುಬದಲು ಅದಾವಲ್ಲ?" ಎಂದರು ಸಾಹೇಬರು.

"ಗುಂಡಿ ಮ್ಯಾಲಿಂದು ಯಾರು ಓದ್ತಾರ್ರಿ? ಬೆರಳಿಗೆ ಗೊತ್ತಿರ್ತದ."

ನಾಲ್ಕು ಕಂಪ್ಯೂಟರ್ ಬಂದವು. ಕೋಣೆಯ ಬಾಗಿಲಿಗೆ ಒಂದು ಫಲಕವೂ ಬಂತು: 'ವಿದ್ಯಾರ್ಥಿಗಳನ್ನು ಕೇಳದೆ ಶಿಕ್ಷಕರು ಯಂತ್ರ ಮುಟ್ಟಬಾರದು.' ಹೆಡ್‌ಮಾಸ್ಟರು ಹೇಳಿದರು, ನಾನು ಬರೆದೆ.

ಅಕ್ಷರ ಮಾತ್ರ ಮುತ್ತಿನಂತಿವೆ!