ಬಹರೇನಿನಾಗ ರೊಟ್ಟಿ ಬಡಿಯೂವಂಥ ಮನಿ

ನಮ್ಮ ಕಡೀ ಮಂದಿಗೆ ಬಾಡಗಿ ಮನಿ ಸುಮ್ನ ಸಿಕ್ಕದ್ದ ಇಲ್ಲ ನೋಡ್ರಿ. ಬಾಗಲಕೋಟ್ಯಾಗ ಹುಡುಕಿದ್ರೂ ಫಜೀತಿ, ಸಮುದ್ರ ದಾಟಿ ಹುಡುಕಿದ್ರೂ ಫಜೀತಿ.

ನಾ ಇಳಕಲ್ಲಿನ ಕಲ್ಲಿನ ಖಣಿಯೊಳಗ ಮಷೀನ್ ರಿಪೇರಿ ಮಾಡ್ಕೊಂಡು ಆರಾಮ ಇದ್ದಾಂವ. ಎಂಬತ್ತರ ಇಸ್ವಿ ಸುಮಾರಿಗೆ ಬಹರೇನಿನಾಗ ನೌಕರಿ ಸಿಕ್ಕಿತು. ಆಗಷ್ಟ ಲಗ್ನ ಆಗಿತ್ತು. ಕಂಪನಿಯವರು ಕೊಡೂದು ಗಂಡಸರೆಲ್ಲಾ ಕೂಡಿ ಮಲಗೂ ದೊಡ್ಡ ಖೋಲ್ಯಾಗ ಒಂದು ಮಂಚ ಅಷ್ಟ. "ಹೆಂಡತೀನ ಕರಸ್ಕೊಳ್ಳೂದಾದ್ರ ಮನಿ ನೀನ ಹುಡುಕ್ಕೋ" ಅಂದ್ರು. ಪಗಾರ ನೋಡಿದ್ರ ಸಣ್ಣದು, ಊರು ನೋಡಿದ್ರ ತುಟ್ಟಿ.

೧. ಮಾವನ ವಿಚಾರಣಿ

ಹೊರಡೂಕಿಂತ ಮೊದಲ ಹೆಂಡತೀನ ಬಾದಾಮಿಯ ತವರಮನ್ಯಾಗ ಬಿಟ್ಟು ಬರಾಕ ಹೋಗಿದ್ನಿ. ಮಾವ ಖಡಕ್ ಮನಶ್ಯಾ.

"ಅಳ್ಯಾರ, ಮಗಳ ಇರೂ ಮನಿ ನಾ ಕಣ್ಣಾರೆ ನೋಡಬೇಕ್ರಿ. ಕನ್ಯಾ ಕೊಡೂ ಮುಂದ ನಿಮ್ಮ ಮನಿ ನೋಡಾಕ ಬಂದಿದ್ನಿಲ್ಲ, ಹಂಗ."

"ಮಾವಾರ, ಅದು ಸಮುದ್ರದ ಆಚಿ ಐತ್ರಿ. ವಿಮಾನ ಹತ್ತಬೇಕು."

ಮಾವ ಬಾಯಾಗ ಅಡಕಿ ಒಗಕೊಂಡ್ರು. "ಹೋಗ್ಲಿ, ಮನಿ ಮುಂದ ಕಟ್ಟಿ ಇರತೈತೇನು?"

"ಇಲ್ರಿ. ಅಲ್ಲೆ ಎಲ್ಲಾ ಮಾಳಿಗಿ ಮ್ಯಾಲ ಮಾಳಿಗಿ."

"ಕಟ್ಟಿ ಇಲ್ದ ಅದೆಂಥಾ ಮನಿ! ಸಂಜೀಕ ಕುಂಡ್ರೂದೆಲ್ಲೆ, ನಾಕ ಮಾತಾಡೂದೆಲ್ಲೆ?"

ಕಡೀಕ ಅವರ ಒಂದು ದಾರಿ ಹುಡುಕಿದ್ರು. "ಮಾಲಕನ ಹೆಸರು, ಅವರಪ್ಪನ ಹೆಸರು ಅಷ್ಟ ಬರದ ಹಾಕ್ರಿ. ನಾ ಬಾಗಲಕೋಟಿ ಬಸ್ ಸ್ಟ್ಯಾಂಡಿನಾಗ ವಿಚಾರಸ್ತೇನಿ. ಅವರ ಬೀಗರು ಯಾರರ ಈ ಕಡೆ ಇದ್ದ ಇರತಾರ."

೨. ಅಗ್ಗದ ಮನಿ

ಬಹರೇನಿನಾಗ ನನ್ನ ಮಗ್ಗಲ ಮಂಚದಾಂವ ಹುನಗುಂದದ ಗೆಳ್ಯಾ. ಸುಟ್ಟಿ ದಿನ ಇಬ್ಬರೂ ಕೂಡಿ ಮನಿ ಹುಡುಕಾಕ ಹೊಂಟ್ವಿ. ಒಬ್ಬ ದಲ್ಲಾಳಿ ಭಾಳ ಅಗ್ಗದ ಮನಿ ಐತಿ ಅಂತ ಕರಕೊಂಡ ಹೋದ. ಮನಿ ಛಲೋನ ಇತ್ತು, ಆದ್ರ ಮೀನಿನ ಪ್ಯಾಟಿಗೆ ಬೆನ್ನ ಹಚ್ಚಿ ನಿಂತಿತ್ತು. ನಾವೋ ಕೊರಳಾಗ ಲಿಂಗ ಕಟ್ಟಿದ ಮಂದಿ.

"ವಾಸನಿ ಒಂದೆರಡು ದಿನಾ ಅಷ್ಟ. ಆಮ್ಯಾಲ ರೂಢಿ ಆಗತೈತಿ" ಅಂದ ದಲ್ಲಾಳಿ.

"ನಿಮಗ ರೂಢಿ ಆಗೇತೇನ್ರಿ?" ಅಂತ ಗೆಳ್ಯಾ ಕೇಳಿದ.

ಆ ಮಾರಾಯ ಅರವಿಲೆ ಮೂಗು ಮುಚ್ಚಿಕೊಂಡ ಹೇಳಿದ, "ನಾ ಇಲ್ಲೆ ಇರೂದಿಲ್ಲಲ್ಲ!"

೩. ಟವೆಲ್ಲಿನ ಕೆಳಗ

ಗೆಳ್ಯಾನ ಅಪ್ಪ ಹುನಗುಂದದಾಗ ದನದ ದಲ್ಲಾಳಿ. ನಮ್ಮ ದನದ ಸಂತ್ಯಾಗ ರೇಟು ಬಾಯಿಲೆ ಹೇಳಂಗಿಲ್ಲ. ಕೈ ಮ್ಯಾಲ ಟವೆಲ್ ಹಾಕಿ ಒಳಗ ಬೆರಳು ಹಿಡದು ವ್ಯವಹಾರ. ಸುತ್ತಲಿನವರಿಗೆ ಏನೂ ತಿಳೀಬಾರದು.

ಮುಂದಿನ ವಾರ ನೋಡಿದ ಮನಿ ನನಗ ಭಾಳ ಮನಸ್ಸಿಗೆ ಬಂತು. ಕೆಳಗ ಮಾಲಕ ಮುದುಕ ಮತ್ತ ಅವನ ಹೆಂಡತಿ, ಮ್ಯಾಲ ಖಾಲಿ ಮನಿ. ಮುದುಕ ವಯಸಿನ್ಯಾಗ ಮುಂಬೈಗೆ ಬಂದು ಮುತ್ತು ಮಾರಿದಾಂವ, ಗಂಡ ಹೆಂಡತಿ ಇಬ್ಬರಿಗೂ ಹಿಂದಿ ಬರ್ತಿತ್ತು. ಅಂವ ಬಾಡಗಿ ಹೇಳಿದ. ನನ್ನ ಮಾರಿ ಸಪ್ಪಗಾತು. ಹೆಂಡತಿ ಇನ್ನ ಬಾದಾಮಿಯೊಳಗ ಉಳದ್ಲು ಅಂತ ಎದ್ದ ನಿಂತ್ನಿ.

ಅಷ್ಟರಾಗ ನಮ್ಮ ಗೆಳ್ಯಾ ಹೆಗಲ ಮ್ಯಾಲಿನ ಟವೆಲ್ ತಗದು ಮುದುಕನ ಕೈ ಮ್ಯಾಲ ಒಗದು, ಒಳಗ ಬೆರಳು ಹಿಡದ ಬಿಟ್ಟ! ಸತ್ವಿ, ಈಗ ಪೊಲೀಸರನ್ನ ಕರೀತಾನ ಅಂತ ನಾ ಬಾಗಲದ ಕಡೆ ಸರದ್ನಿ. ಮುದುಕ ಗಾಬರಿ ಆಗಿ ಟವೆಲ್ ನೋಡಿದ. ಆಮ್ಯಾಲ ಮಾರಿ ಅರಳಿತು. ಅವರ ಕಾಲದಾಗ ಮುತ್ತಿನ ವ್ಯಾಪಾರನೂ ಹಿಂಗ ಬಟ್ಟಿ ಕೆಳಗ ನಡೀತಿತ್ತಂತ! ಎಷ್ಟೋ ವರ್ಷಕ್ಕ ಜೋಡಿ ಸಿಕ್ಕಿದ್ದಕ್ಕ ಮುದುಕ ತೋಳ ಏರಿಸಿ ಕುಂತ. ನನಗ ಟವೆಲ್ ಕುಣಿಯೂದಷ್ಟ ಕಾಣತಿತ್ತು.

ವ್ಯವಹಾರ ಮುಗೀತು. ಗೆಳ್ಯಾ ಕೈ ಝಾಡಿಸ್ಕೋತ ಹೊರಗ ಬಂದ. "ಲೇ, ಬಾಡಗಿ ಇಳದೈತಿ. ಬೆರಳು ಬಾತಾವ."

೪. ತಪ್ ತಪ್

ಮುದುಕಂದು ಒಂದ ಕರಾರು. "ಮಧ್ಯಾಹ್ನ ನಾ ಮಲಗತೇನಿ. ಮ್ಯಾಲ ಸಪ್ಪಳ ಆತೋ, ಅವತ್ತ ಮನಿ ಖಾಲಿ."

"ಇಬ್ಬರ ಇರೂದ್ರಿ, ಏನ ಸಪ್ಪಳ?" ಅಂದ್ನಿ.

ಹೆಂಡತಿ ಬಂದ್ಲು. ಟ್ರಂಕಿನಾಗ ಸೀರಿ ಕಡಿಮಿ, ಜ್ವಾಳದ ಹಿಟ್ಟು ಜಾಸ್ತಿ. ತಳದಾಗ ರೊಟ್ಟಿ ಬಡ್ಯಾಕಂತ ಇಳಕಲ್ಲಿನ ಕೆಂಪು ಕಲ್ಲಿನ ಹಾಸು! ನಾ ತಿಂಗಳಗಟ್ಟಲೆ ಬರೇ ಅನ್ನಾ ತಿಂದು ಸೊರಗಿದ್ನಿ. ಮಧ್ಯಾಹ್ನದ ಖಬರ ಯಾರಿಗಿರತೈತ್ರಿ? "ಬಡಿ" ಅಂದ್ನಿ. ತಪ್ ತಪ್ ತಪ್ ಶುರು ಆತು.

ಎರಡನೇ ರೊಟ್ಟಿ ಹಂಚಿಗೆ ಬಿದ್ದಿರಲಿಲ್ಲ, ಬಾಗಲಾ ಮುರಿಯೂವಂಗ ಬಡದ್ರು. ಮುಂದ ಮುದುಕಿ, ಹಿಂದ ನಿದ್ದಿಗಣ್ಣಿನ ಮುದುಕ.

"ಬಂದ ಮೊದಲನೇ ದಿನಾನ ಹೆಂಡತೀನ ಹೊಡೀತಿ? ನಡಿ, ಮನಿ ಖಾಲಿ ಮಾಡು!" ಅಂದ್ಲು ಮುದುಕಿ.

"ಇಲ್ರೀ ಅವ್ವಾರ, ಹೊಡದಿದ್ದು ರೊಟ್ಟಿಗ್ರಿ!"

"ರೊಟ್ಟಿ ನಿನಗೇನ ಮಾಡಿತ್ತು?"

ಮುದುಕಿ ನನ್ನಾಕಿಯ ಕೈ ಹಿಡದು ಬಾಸುಂಡಿ ಎಲ್ಲೆ ಎದ್ದಾವ ಅಂತ ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು. ನನ್ನಾಕಿಗೆ ಹಿಂದಿ ಎಲ್ಲಿಂದ ಬರಬೇಕು? "ಪಾಪ, ಹಸರ ಬಳಿ ಮನಸ್ಸಿಗೆ ಬಂದಂಗ ಕಾಣತಾವ. ಎರಡ ಕೊಡ್ಲೇನ್ರಿ?" ಅಂತ ನನ್ನ ಕೇಳತಾಳ!

ನನಗ ಜೀವ ಹೋಗೂದೊಂದ ಬಾಕಿ. ಈ ಬಾಡಗಿಗೆ ಇನ್ನೊಂದು ಮನಿ ಸಿಗಂಗಿಲ್ಲ. ಮನಿ ಹೋದ್ರ ನಾಳಿನ ವಿಮಾನಕ್ಕ ಹೆಂಡತಿ ಬಾದಾಮಿಗೆ, ನಾ ಹೊಳ್ಳಿ ಮಂಚಕ್ಕ. ಆಕೀನ ಬಿಟ್ಟಿರೂದು ಖರೇನ ನನ್ನ ಕೈಲೆ ಆಗತಿರಲಿಲ್ಲ.

ಕಡೀಕ ಮುದುಕೀನ ನ್ಯಾಯ ಮಾಡಿದ್ಲು. "ನೀ ಹೊರಗ ನಿಲ್ಲು. ನೀ ಇಲ್ದನೂ ಸಪ್ಪಳ ಬಂದ್ರ ನಂಬತೇನಿ." ಮುದುಕ ನನ್ನ ಎರಡೂ ಕೈ ಗಟ್ಟಿ ಹಿಡಕೊಂಡು ಮೆಟ್ಟಲ ಮ್ಯಾಲ ನಿಂತ. ಬಾಗಲಾ ಮುಚ್ಚಿತು. ಒಳಗ ಗಪ್ ಚಿಪ್. ಕೂಡಲಸಂಗಮನಾಥಾ, ಒಂದ ರೊಟ್ಟಿ ಬಡಸಪ್ಪಾ ಅಂತ ಬೇಡಿಕೊಂಡ್ನಿ.

ತಪ್ ತಪ್ ತಪ್!

ಮುದುಕ ನನ್ನ ಕೈ ನೋಡಿದ, ಬಾಗಲಾ ನೋಡಿದ, ನನ್ನ ಅಪ್ಪಿಕೊಂಡು ಗಲ್ಲಕ್ಕ ಮುತ್ತ ಕೊಟ್ಟ. ಆಮ್ಯಾಲ ಒಳಗ ಸಪ್ಪಳ ಎರಡಾತು. ಒಂದು ತಪ್ ತಪ್, ಇನ್ನೊಂದು ದಬ್ ದಬ್. ಬಾಗಲಾ ತಗದು ಮುದುಕಿ ಹೊರಗ ಬಂದ್ಲು. ಮೊಳಕೈ ತನಕ ಹಿಟ್ಟು, ಕೈಯಾಗ ತಾನ ಬಡದ ದಪ್ಪನ್ನ ರೊಟ್ಟಿ. ಗಂಡಗ ಕೊಟ್ಟು ಎದುರಿಗೇ ನಿಂತ್ಲು. ಮುದುಕ ಕಡದ, ಅಗದ, ಮತ್ತೂ ಅಗದ. "ಭಾಳ ಛಲೋ ಆಗೇತಿ" ಅಂದ.

ಆಕಿ ಖುಷಿಲೆ ಒಳಗ ಹೋಗೂದ ತಡ, ನನ್ನ ಮೂಲಿಗೆ ಎಳಕೊಂಡ.

"ಮನಿ ನಿಂದಪ್ಪಾ. ಎಷ್ಟ ವರ್ಷ ಬೇಕಾದ್ರೂ ಇರು, ಮಧ್ಯಾಹ್ನನೂ ಬಡೀರಿ. ಆದ್ರ ನಿನ್ನ ಹೆಂಡತಿಗೆ ಹೇಳು, ನನ್ನ ಹೆಂಡತಿಗೆ ಮಾತ್ರ ಕಲಸಬ್ಯಾಡ. ನನ್ನ ಬಾಯಾಗ ಉಳದಿದ್ದ ನಾಕ ಹಲ್ಲು!"