ಕಣದ ಮೇಸ್ತ್ರಿಯ ಸೀಟಿ

ನಾಲ್ಕು ಜನರನ್ನು ಆಳುವ ಯೋಗ ನನ್ನ ಹಣೆಯಲ್ಲಿ ಬರೆದಿದೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಆಗ ಬ್ರಿಟಿಷರ ಕಾಲ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಬಿಳಿ ದೊರೆ ನನ್ನನ್ನು ಕಣದ ಮೇಸ್ತ್ರಿ ಮಾಡಿ, ಕೊರಳಿಗೊಂದು ಹಿತ್ತಾಳೆ ಸೀಟಿ ಹಾಕಿದರು. ಒಣಗಲು ಹಾಕಿದ ಕಾಫಿ ನೆನೆದರೆ ಮೇಸ್ತ್ರಿಗಿರಿ ಹೋಯಿತೆಂದೇ ತಿಳಿ ಎಂದರು. ಅದಕ್ಕೇನು, ನಾಲ್ಕಲ್ಲ, ನಲವತ್ತು ಜನ ಸಿಕ್ಕಿದ್ದರು!

ಮೊದಲ ದಿನವೇ ಕಾನೂನು ಸಾರಿದೆ. ಕಣದಲ್ಲಿ ಯಾರೂ ಮಾತಾಡಬಾರದು. ನಗಬಾರದು. ನನ್ನ ಸೀಟಿ ಕೇಳದೆ ಕಾಫಿಯ ಮೇಲೆ ಟಾರ್ಪಾಲು ಎಳೆಯಬಾರದು.

ಕೊನೆಯ ಕಾನೂನು ದ್ಯಾವಮ್ಮನಿಗಾಗಿಯೇ ಮಾಡಿದ್ದು. ಆ ಮುದುಕಿ ನಾನು ಹುಟ್ಟುವ ಮೊದಲಿನಿಂದ ಕಣದಲ್ಲಿದ್ದವಳು, ನನ್ನನ್ನು ಎತ್ತಿ ಆಡಿಸಿದವಳು. ದೇವರಮನೆ ಗುಡ್ಡದ ಮೇಲಿನ ಮೋಡವನ್ನು ಒಮ್ಮೆ ನೋಡಿ ಅವಳು ಮುಚ್ಚಿ ಎಂದರೆ ಎಲ್ಲರೂ ಮುಚ್ಚುತ್ತಿದ್ದರು. ಮೇಸ್ತ್ರಿ ನಾನೋ, ಅವಳೋ?

ಹೆಂಡತಿ ಪುಟ್ಟಮ್ಮನಿಗೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ.

"ನಲವತ್ತು ಜನರ ಬಾಯಿ ಕಟ್ಟೋರು ಮೊದ್ಲು ನಿಮ್ ಬಾಯಿ ಕಟ್ಕಳಿ. ಆ ಹೊಗೆಸೊಪ್ಪು ಬಿಡಿ ನೋಡಾಣ" ಎಂದಳು.

ಅದೇನು ಮಹಾ! ದೇವರ ಮುಂದೆ ಆಣೆ ಇಟ್ಟು ಬಿಟ್ಟೆ. ಮೂರು ದಿನ ಬಿಟ್ಟೆ. ನಾಲ್ಕನೆಯ ದಿನ ಗೋದಾಮಿನ ಹಿಂದೆ ನಿಂತು, ಎಲೆಯಡಿಕೆಯ ಜೊತೆ ಮೂರು ದಿನದ ಹೊಗೆಸೊಪ್ಪನ್ನೂ ಒಟ್ಟಿಗೇ ಬಾಯಿಗೆ ತುಂಬಿಕೊಂಡೆ.

ಆಗಲೇ ಅಕಾಲದ ಮಳೆ ಬಂತು. ಓಡಿ ಬಂದು ಸೀಟಿ ಊದಿದೆ. ಉಸಿರಿನ ಬದಲು ರಸ ಹೋಗಿ ಸೀಟಿಯ ಹೊಟ್ಟೆ ಸೇರಿತು. ಬುಸ್ ಎಂದಿತೇ ಹೊರತು ಕೂಗಲಿಲ್ಲ. ಉಗುಳಿ ಕೂಗೋಣವೆಂದರೆ ಹೊಗೆಸೊಪ್ಪು ಗಂಟಲಿಗಿಳಿದು ಬಿಕ್ಕಳಿಕೆ ಹತ್ತಿತು. ನಲವತ್ತು ಜನ ಟಾರ್ಪಾಲಿನ ಅಂಚು ಹಿಡಿದು, ನೆನೆಯುತ್ತ, ನನ್ನನ್ನೇ ನೋಡುತ್ತ ನಿಂತರು. ಇಷ್ಟು ವಿಧೇಯರಾದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ! ಕೊನೆಗೆ ದ್ಯಾವಮ್ಮನೇ ತಡೆಯಲಾರದೆ ಎಳೆಯಿರೋ ಎಂದು ಕೂಗುವ ಹೊತ್ತಿಗೆ ಅರ್ಧ ಕಾಫಿ ಚರಂಡಿಯಲ್ಲಿ ಹರಿಯುತ್ತಿತ್ತು.

ದೊರೆ ಬಂದು ತಪ್ಪು ಯಾರದೆಂದು ಕೇಳಿದರು.

"ಈ ಮುದುಕಿದು ಸ್ವಾಮಿ. ನನ್ ಮಾತು ಕೇಳಲ್ಲ" ಎಂದುಬಿಟ್ಟೆ.

ಯಾರೂ ಅಲ್ಲವೆನ್ನಲಿಲ್ಲ. ಮಾತಾಡಬಾರದಲ್ಲ! ದ್ಯಾವಮ್ಮನನ್ನು ಕಣದಿಂದ ತೆಗೆದು ಕೆಳಗಿನ ತೋಟದಲ್ಲಿ ಕಳೆ ಕೀಳಲು ಹಾಕಿದರು.

ಹೋಗುವಾಗ ಅವಳು, "ನಿಂಗೆ ಒಳ್ಳೇದಾಗ್ಲಿ ಮಾರಾಯ" ಎಂದಳು.

ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ಪುಟ್ಟಮ್ಮ ಅನ್ನ ಬಡಿಸಿ, ಬೆನ್ನು ತಿರುಗಿಸಿ ಕೂತಳು. ನನಗೂ ನಾಚಿಕೆಯಾಯಿತು. ಆದರೂ ಕೊರಳಿನ ಸೀಟಿ ಬಿಚ್ಚಲು ಮನಸ್ಸಾಗಲಿಲ್ಲ.

ಇನ್ನು ಮೋಡ ನೋಡುವವರು ಯಾರು? ನನಗೋ ಮೋಡಕ್ಕೂ ಒಲೆಯ ಹೊಗೆಗೂ ವ್ಯತ್ಯಾಸ ತಿಳಿಯದು. ಒಂದು ಉಪಾಯ ಮಾಡಿದೆ. ಕಣದ ಅಂಚಿನಲ್ಲಿ ನಿಂತರೆ ಕೆಳಗೆ ದ್ಯಾವಮ್ಮ ಕಾಣುತ್ತಿದ್ದಳು. ಮಳೆ ಬರುತ್ತದೆಂದು ಅವಳು ಕಂಬಳಿಯನ್ನು ತಲೆಗೆ ಎಳೆದುಕೊಂಡರೆ ನಾನು ಸೀಟಿ ಊದುವುದು! ಮುಂದಿನ ಮಳೆಗೆ ಒಂದು ಕಾಳೂ ನೆನೆಯಲಿಲ್ಲ. ದೊರೆ ನನಗೆ ಶಹಬ್ಬಾಸ್ ಎಂದರು.

ಒಂದು ಮಧ್ಯಾಹ್ನ ಅವಳು ಕಂಬಳಿ ಹೊದ್ದು ಕೂತಳು. ಊದಿದೆ. ನಲವತ್ತು ಜನ ಓಡಿ ಬಂದು ಕಾಫಿಯನ್ನೆಲ್ಲ ಮುಚ್ಚಿದರು. ನೆತ್ತಿ ಸುಡುವ ಬಿಸಿಲು, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಹೆಂಗಸೊಬ್ಬಳು ಬಂದು, ದ್ಯಾವಮ್ಮನಿಗೆ ಚಳಿಜ್ವರ, ಗಡಗಡ ನಡುಗುತ್ತಿದ್ದಾಳೆ ಎಂದಳು.

ಎಲ್ಲರೂ ನನ್ನತ್ತ ನೋಡಿದರು. ಯಾರೂ ನಗಲಿಲ್ಲ. ನಗಬಾರದೆಂದು ನಾನೇ ಹೇಳಿದ್ದೆನಲ್ಲ.