ಹದಿನಾರು ಕೋರುಗಳೂ ಎಂದೂ ತಪ್ಪದ ಹವಾಮುನ್ಸೂಚನೆಯೂ

ಮಲಾವಿ ಸರೋವರದ ದಂಡೆಯಲ್ಲಿರುವ ಕಂಬೋಲಾ ಹವಾಮಾನ ಕಚೇರಿಯ ಮುನ್ಸೂಚನೆ ಕಳೆದ ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲವೆಂದು ಅದರ ದಾಖಲೆ ಗುಮಾಸ್ತನಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ನಾಳೆಯ ಹವೆಯನ್ನು ಲೆಕ್ಕ ಹಾಕಲು ನಮ್ಮ ಪ್ರೋಗ್ರಾಮಿಗೆ ಮೂವತ್ತು ಗಂಟೆ ಬೇಕು. ಇಂದು ಮಧ್ಯಾಹ್ನ ಶುರುವಾದರೆ ಮುಗಿಯುವುದು ನಾಳೆ ಸಂಜೆ. ಆಮೇಲೆ ನಿರ್ದೇಶಕ ನ್ಯಿರೋಂಗೊ ಸಾಹೇಬರು ಆ ದಿನ ನಿಜಕ್ಕೂ ಏನಾಯಿತೆಂದು ನೆನಪಿಸಿಕೊಂಡು, ತಿದ್ದಿ, ಸಹಿ ಹಾಕಿ ರೇಡಿಯೊಗೆ ಕಳಿಸುತ್ತಾರೆ. ಇದಕ್ಕಾಗಿ ಅವರಿಗೆ ಮೂರು ಪ್ರಶಸ್ತಿ ಫಲಕ ಬಂದಿವೆ. ಮೂರನ್ನೂ ಒರೆಸುವವನು ನಾನೇ.

ಹೀಗೆ ನೆಮ್ಮದಿಯಾಗಿದ್ದಾಗ ತಮಂದಾನಿ ಎಂಬ ಪ್ರೋಗ್ರಾಮರ್ ಬಂದು ಸೇರಿದಳು. ಸೇರಿದ ವಾರದಲ್ಲೇ, ಯಾರೂ ಹೇಳದಿದ್ದರೂ, ಪ್ರೋಗ್ರಾಮನ್ನು ಓದಿಬಿಟ್ಟಳು.

"ಸಾಹೇಬ್ರೇ, ನಮ್ಮ ಮೆಷೀನಲ್ಲಿ ಲೆಕ್ಕ ಮಾಡೋ ಕೋರ್ ಹದಿನಾರು ಇವೆ. ದುಡೀತಿರೋದು ಒಂದೇ. ಹದಿನೈದು ಸುಮ್ನೆ ಕೂತಿವೆ."

"ಸೀನಿಯರ್ ಇರ್ಬೇಕು ಬಿಡಮ್ಮಾ."

"ಸರೋವರನ ಹದಿನಾರು ಪಾಲು ಮಾಡಿ ಹಂಚು ಅಂತ ಕಂಪೈಲರ್‌ಗೆ ಪ್ರೋಗ್ರಾಮಲ್ಲಿ ಒಂದು ಸಾಲು ಬರೆದ್ರೆ ಸಾಕು, ಎಲ್ಲಾ ಒಟ್ಟಿಗೆ ದುಡೀತಾವೆ. ಎರಡೇ ಗಂಟೇಲಿ ಕೆಲಸ ಮುಗಿಯುತ್ತೆ."

ಸಾಹೇಬರ ಮುಖ ಕಪ್ಪಿಟ್ಟಿತು. "ಅಂದ್ರೆ ನಾಳೆದು ಇವತ್ತೇ ಗೊತ್ತಾಗುತ್ತಾ? ತಪ್ಪಾದ್ರೆ?"

"ಹತ್ತರಲ್ಲಿ ಒಂದ್ಸಲ ತಪ್ಪಬಹುದು."

"ಒಂಬತ್ತು ವರ್ಷದ ಹೆಸರಿಗೆ ಮಸಿ ಬಳೀತೀಯಾ ತಾಯಿ!"

ಹಟಮಾರಿ ಹುಡುಗಿ. ಮಂಗಳವಾರ ಆ ಸಾಲು ಬರೆದೇಬಿಟ್ಟಳು. ಎರಡು ಗಂಟೆಗೆಲ್ಲ ಕಾಗದ ಹಿಡಿದು ಓಡಿ ಬಂದಳು. ಬುಧವಾರ ಬೆಳಗ್ಗೆ ಆರಕ್ಕೆ ದಕ್ಷಿಣದಿಂದ ನುಗ್ಗುವ ಮ್ವೆರಾ ಗಾಳಿ, ಆಳೆತ್ತರದ ಅಲೆ! ಅವಳಣ್ಣ ವೈಸನ್ ಮೀನುಗಾರ. ಹೊಸ ದೋಣಿ ಕಟ್ಟಿಸಿ ತಿಂಗಳಾಗಿರಲಿಲ್ಲ.

ಕೂಡಲೇ ಸಾಹೇಬರ ಅಧ್ಯಕ್ಷತೆಯಲ್ಲಿ ಕಚೇರಿಯ ಸಮಿತಿ ಸೇರಿತು. ಆದೇಶ ಹೊರಟಿತು: "ಹದಿನಾರೂ ಕೋರುಗಳನ್ನು ಬಳಸತಕ್ಕದ್ದು. ಆದರೆ ಇನ್ನೂ ನಡೆಯದ ಘಟನೆಯ ಬಗ್ಗೆ ಈ ಕಚೇರಿ ಹೇಳಿಕೆ ನೀಡತಕ್ಕದ್ದಲ್ಲವಾದ್ದರಿಂದ, ಫಲಿತಾಂಶವನ್ನು ಇಪ್ಪತ್ತೆಂಟು ಗಂಟೆ ಬೀರುವಿನಲ್ಲಿಡತಕ್ಕದ್ದು." ಬೀರುವಿನ ಕೀಲಿಕೈ ನನ್ನ ಸುಪರ್ದಿಗೆ ಬಂತು.

ತಮಂದಾನಿ ನನ್ನೆದುರೇ ಅಣ್ಣನಿಗೆ ಫೋನ್ ಮಾಡಿದಳು. "ನಿನ್ನ ದಮ್ಮಯ್ಯ ಅಣ್ಣಾ, ನಾಳೆ ದೋಣಿ ಇಳಿಸ್ಬೇಡ."

ವೈಸನ್ ನಕ್ಕಿದ್ದು ನನಗೂ ಕೇಳಿಸಿತು. "ರೇಡಿಯೊದಲ್ಲಿ ಹೇಳ್ಲಿ, ಕೇಳ್ತೀನಿ. ಅದು ಒಂದ್ಸಲಾನೂ ತಪ್ಪಿಲ್ಲ. ನೀನು ನಿನ್ನೆ ಮೊನ್ನೆ ಸೇರಿದೋಳು, ಸುಮ್ನಿರೇ!"

ಬುಧವಾರ ಆರಕ್ಕೆ ಗಾಳಿ ಬಂತು. ಎಂಟಕ್ಕೆ ವೈಸನ್ ಒಂದು ಹಲಗೆ ತಬ್ಬಿಕೊಂಡು ದಡ ಸೇರಿದ. ದೋಣಿಯಲ್ಲಿ ಉಳಿದದ್ದು ಆ ಹಲಗೆಯೊಂದೇ.

ಸಂಜೆ ಅವನನ್ನು ನೋಡಲು ಹೋಗಿದ್ದೆ. ತಮಂದಾನಿ ಅಣ್ಣನಿಗೆ ನ್ಸಿಮಾ ಮುದ್ದೆ ಬಡಿಸುತ್ತಿದ್ದಳು. ರೇಡಿಯೊ ಹೇಳಿತು: "ಬುಧವಾರ ಬೆಳಗ್ಗೆ ಆರಕ್ಕೆ ಮ್ವೆರಾ ಗಾಳಿ. ಮೀನುಗಾರರು ಸರೋವರಕ್ಕೆ ಇಳಿಯಬಾರದು."

ವೈಸನ್ ತುತ್ತು ಕೈಯಲ್ಲೇ ಹಿಡಿದು ಕೂತ. ಕಣ್ಣು ತುಂಬಿ ಬಂದಿತ್ತು. "ನೋಡಿದ್ಯೇನೇ? ಗಂಟೆ ಸಮೇತ ಸರಿ! ಕಲ್ತ್ಕೋ ಅವರನ್ನ ನೋಡಿ."

ತಮಂದಾನಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅಣ್ಣನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, "ಹೌದಣ್ಣಾ, ನಮ್ಮದು ಎಂದೂ ತಪ್ಪಲ್ಲ" ಎಂದಳು.